ಟೋಕನಮ್ಮ ಪಿನ್ ಮಾಡಿದ ಮಾತು

ಹತ್ತೊಂಬತ್ತು ವರ್ಷ ಡಾಕ್ಟರ ಬಾಗಿಲು ಕಾದವಳಿಗೆ, ಯಾರು ಸಾಲು ಮುರಿದು ಒಳಗೆ ನುಗ್ಗಲು ಬಂದಿದ್ದಾರೆ ಎಂಬುದು ಅವರು ಮೆಟ್ಟಿಲು ಹತ್ತುವ ರೀತಿಯಲ್ಲೇ ಗೊತ್ತಾಗುತ್ತದೆ. ಕ್ಲಿನಿಕ್ಕಿನಲ್ಲಿ ಆಕೆಯ ನಿಜವಾದ ಹೆಸರು ಡಾಕ್ಟರಿಗೂ ನೆನಪಿರಲಿಲ್ಲ. ಟೋಕನ್ ಕೊಡುವವಳಾದ್ದರಿಂದ ಟೋಕನಮ್ಮ. "ಇಪ್ಪತ್ಮೂರು!" ಎಂದು ಕೂಗಿದರೆ ಎದುರಿನ ಬಸ್ ನಿಲ್ದಾಣದಲ್ಲಿ ಕೂತವರೂ ಬೆಚ್ಚಿ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ದೊಡ್ಡವರ ಕಡೆಯವನು ಅಂತ ಹೇಳಿಕೊಂಡು ಬಂದವನಿಗೂ ಆಕೆಯ ಉತ್ತರ ಒಂದೇ. "ದೊಡ್ಡವರು ಚೆನ್ನಾಗಿದಾರಾ? ಸಂತೋಷ. ನಲವತ್ತೊಂದು ನಿಮ್ಮದು, ಕೂತ್ಕೊಳ್ಳಿ."

ಭಾನುವಾರ ಕ್ಲಿನಿಕ್ಕಿಗೆ ರಜೆ. ಆಕೆಗೆ ರಜೆಯಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಮಗಳ ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಲ್ಯಾಪ್‌ಟಾಪ್ ತೆರೆದರೆ ಆಕೆ ಚಾಟ್‌ನ ಮಾಡರೇಟರ್. ಮಗಳು ವಾರಕ್ಕೆ ಆರು ದಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಏಳನೇ ದಿನ ಐದು ಜನರ ತಂಡ ಕಟ್ಟಿಕೊಂಡು ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತಾಳೆ. ಆಟದಲ್ಲಿ ಅವಳ ಹೆಸರು ಕನ್ನಡಕ. ಅವಳ ಆಟವನ್ನು ಸ್ಟ್ರೀಮ್‌ನಲ್ಲಿ ನೇರವಾಗಿ ನೋಡಲು ಮಾಮೂಲಿ ದಿನ ನಾನೂರು ಜನ, ಪಂದ್ಯವಿದ್ದರೆ ಎರಡು ಸಾವಿರ ಜನ ಬರುತ್ತಾರೆ. ಅಷ್ಟು ಜನ ಪಕ್ಕದ ಚಾಟ್‌ನಲ್ಲಿ ಬರೆಯುತ್ತ ಒಟ್ಟಿಗೆ ಬಾಯಿ ಬಿಟ್ಟರೆ ಯಾರಾದರೂ ಹದ್ದುಬಸ್ತಿನಲ್ಲಿ ಇಡಬೇಕಲ್ಲ.

ಆ ಲೋಕದ ಮಾತುಗಳನ್ನು ಆಕೆ ಹಳೆಯ ಔಷಧಿ ಚೀಟಿಗಳ ಬೆನ್ನಿಗೆ ಬರೆದುಕೊಂಡು ಕಲಿತಿದ್ದಳು. ನೂಬ್ ಅಂದರೆ ಇನ್ನೂ ಕೈ ಪಳಗದವನು. ಕ್ಯಾಂಪರ್ ಅಂದರೆ ಒಂದೇ ಮೂಲೆ ಹಿಡಿದು ಕೂತು ಬಂದವರಿಗೆಲ್ಲ ಹೊಡೆಯುವವನು. ಅಂಥವರನ್ನು ಆಕೆ ಔಷಧಿ ಕಂಪನಿಯ ಪ್ರತಿನಿಧಿಗಳಲ್ಲಿ ಬೇಕಾದಷ್ಟು ನೋಡಿದ್ದಳು. ಲ್ಯಾಗ್ ಅಂದರೆ ಒತ್ತಿದ್ದು ಒಂದು ಗಳಿಗೆ ಬಿಟ್ಟು ನಡೆಯುವುದು, ಅದು ಕ್ಲಿನಿಕ್ಕಿನ ಕಾಂಪೌಂಡರನ ಹುಟ್ಟು ಕಾಯಿಲೆ. ಟೈಮ್‌ಔಟ್ ಅಂದರೆ ಹತ್ತು ನಿಮಿಷ ಬಾಯಿ ಕಟ್ಟಿ ಹೊರಗೆ ಕೂರಿಸುವುದು, ಬ್ಯಾನ್ ಅಂದರೆ ಕುತ್ತಿಗೆ ಹಿಡಿದು ಆಚೆಗೆ ದಬ್ಬುವುದು. ಈ ಎರಡನ್ನು ಮಾತ್ರ ಬರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಆ ಭಾನುವಾರದ್ದು ದೊಡ್ಡ ಪಂದ್ಯ. ಮೂರು ಆಟದಲ್ಲಿ ಎರಡು ಗೆದ್ದವರು ಮುಂದಿನ ತಿಂಗಳು ಸಭಾಂಗಣದಲ್ಲಿ, ವೇದಿಕೆಯ ಮೇಲೆ, ಜನರ ಎದುರು ಆಡುವವರು. ಎದುರಾಳಿ ತಂಡದ ನಾಯಕನ ಹೆಸರು ಸುಲ್ತಾನ. ಅವನ ಅಭಿಮಾನಿಗಳು ಬೆಳಗಿನಿಂದಲೇ ಚಾಟ್‌ನಲ್ಲಿ ಠಿಕಾಣಿ ಹೂಡಿದ್ದರು. ಅವರಿಗೆ ಬರುತ್ತಿದ್ದುದು ಒಂದೇ ಮಾತು: ಅಡುಗೆಮನೆಗೆ ಹೋಗು. ನೂರು ಜನ ನೂರು ಹೆಸರಿನಲ್ಲಿ ಅದನ್ನೇ ಬರೆಯುತ್ತಿದ್ದರು. 'ಬೈಯುವುದಕ್ಕಾದರೂ ಸ್ವಂತ ಬುದ್ಧಿ ಬೇಡವೇ' ಎಂದು ಟೋಕನಮ್ಮನಿಗೆ ಬೇಸರವಾಗುತ್ತಿತ್ತು.

ಮಗಳು ಮಾತ್ರ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆ, ಮುಖ ನೋಡದೆ ಹೇಳಿದಳು.

"ಅಮ್ಮಾ, ಇವತ್ತು ಸೋತ್ರೆ ಇನ್ಮೇಲೆ ಮೈಕ್ ಆಫ್ ಮಾಡ್ಬಿಡ್ತೀನಿ. ನಾಯಕತ್ವ ಬೇರೆ ಯಾರಿಗಾದ್ರೂ ಕೊಟ್ಟು, ಹುಡುಗನ ಹೆಸರಿಟ್ಕೊಂಡು ಸುಮ್ನೆ ಆಡ್ತೀನಿ."

"ಯಾಕೆ?"

"ನನ್ನ ದನಿ ಕೇಳಿದ ತಕ್ಷಣ ಶುರು ಹಚ್ಕೋತಾರೆ. ಸಾಕಾಗಿದೆ ಕಣಮ್ಮ."

ಟೋಕನಮ್ಮನ ಗಂಡ ಇದ್ದಾಗ, ಮನೆಗೆ ನೆಂಟರು ಬಂದರೆ ಸಾಕು, ಅವನು ಇವಳತ್ತ ಅಂಗೈ ಕೆಳಗೆ ಮಾಡಿ 'ಮೆಲ್ಲಗೆ, ಮೆಲ್ಲಗೆ' ಎಂದು ಸನ್ನೆ ಮಾಡುತ್ತಿದ್ದ. ಹದಿನೈದು ವರ್ಷ ಆಕೆ ಮೆಲ್ಲಗೆ ಮಾತಾಡಿದಳು. ಅದರಿಂದ ಯಾರಿಗೆ ಏನು ಸಿಕ್ಕಿತೋ ಇವತ್ತಿಗೂ ಆಕೆಗೆ ತಿಳಿಯದು. ಅವನು ಹೋದ ಮೇಲೆ ಕ್ಲಿನಿಕ್ಕಿಗೆ ಸೇರಿ, ಮೊದಲ ದಿನ "ಒಂದು!" ಎಂದು ಕೂಗಿದಾಗ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತ್ತು. ಮಗಳು ಅದನ್ನೆಲ್ಲ ಹಿಂದಕ್ಕೆ ತಿರುಗಿಸಲು ಹೊರಟಿದ್ದಳು.

"ಮೊದ್ಲು ಆಡು, ಆಮೇಲೆ ಮಾತು," ಎಂದಷ್ಟೇ ಹೇಳಿದಳು.

ಮೊದಲ ಆಟ ಮಗಳ ತಂಡ ಗೆದ್ದಿತು. ತಕರಾರು ಬಂದದ್ದು ಚಾಟ್‌ನಿಂದ. ಪಂದ್ಯದ ದಿನ ಸ್ಟ್ರೀಮಿಗೆ ಎರಡು ನಿಮಿಷದ ಡಿಲೇ ಹಾಕುತ್ತಾರೆ. ಇಲ್ಲಿ ನಡೆದದ್ದು ಹೊರಗಿನವರಿಗೆ ಎರಡು ನಿಮಿಷ ಬಿಟ್ಟು ಕಾಣುತ್ತದೆ. ಇಲ್ಲಿ ಮಗಳು ಗೆದ್ದು ನೀರು ಕುಡಿಯುತ್ತಿದ್ದರೆ, ಅಲ್ಲಿ ಜನ ಇನ್ನೂ "ಎಡಕ್ಕೆ ನೋಡು! ಎಡಕ್ಕೆ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ತಡ ಎಂಬುದನ್ನು ಕಂಡರಾಗದ ಟೋಕನಮ್ಮನಿಗೆ ಇದು ಕಣ್ಣಿಗೆ ಬಿದ್ದ ಧೂಳಿನಂತೆ ಕಿರಿಕಿರಿ. ಮಗಳು ಬಚ್ಚಲಿಗೆ ಹೋದಾಗ ಸೆಟ್ಟಿಂಗ್ ತೆರೆದಳು. ಡಿಲೇ ಅಂತ ಇತ್ತು, ನೂರಿಪ್ಪತ್ತು ಅಂತ ಇತ್ತು. ಅಳಿಸಿ ಸೊನ್ನೆ ಹಾಕಿ, ಸ್ಟ್ರೀಮನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿದಳು. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಳು.

ಎರಡನೇ ಆಟದಲ್ಲಿ ಮಗಳ ತಂಡ ಮಣ್ಣು ಮುಕ್ಕಿತು. ಎಡಕ್ಕೆ ಹೋದರೆ ಎಡದಲ್ಲಿ ಸುಲ್ತಾನನವರು, ಬಲಕ್ಕೆ ಹೋದರೆ ಬಲದಲ್ಲೂ ಅವರೇ. ಬಾಗಿಲು ತೆರೆಯುವ ಮೊದಲೇ ಗುಂಡು ಬಂದು ಬಾಗಿಲಿಗೆ ಬೀಳುತ್ತಿತ್ತು. ಆಟ ಮುಗಿದ ಮೇಲೆ ಎರಡೂ ಕಡೆಯವರು 'ಜಿಜಿ' ಅಂತ ಬರೆಯುವುದು ಮರ್ಯಾದೆ, ಒಳ್ಳೆಯ ಆಟ ಎಂದು ಅದರರ್ಥ. ಸುಲ್ತಾನ ಆಟ ಮುಗಿಯಲು ಇನ್ನೂ ಅರ್ಧ ನಿಮಿಷ ಇರುವಾಗಲೇ ಜಿಜಿ ಬರೆದ. ಅದು ಮುಖಕ್ಕೆ ಉಗಿದ ಹಾಗೆ.

ಮಗಳು ಬಿಡುವಿನ ಚಿತ್ರ ಹಾಕಿ, ಸ್ಟ್ರೀಮಿನ ದನಿ ನಿಲ್ಲಿಸಿ, ಹೆಡ್‌ಫೋನ್ ಕಿತ್ತಿಟ್ಟಳು. "ನಾನು ಬಾಯಲ್ಲಿ ಹೇಳೋದು ಹಾಗೇ ಅವರ ಕಿವಿಗೆ ಬೀಳ್ತಿದೆ ಅಮ್ಮ. ಸ್ನೈಪ್ ಮಾಡ್ತಿದಾರೆ."

"ಹಾಗಂದ್ರೆ?"

"ನಮ್ಮ ಸ್ಟ್ರೀಮನ್ನೇ ಪಕ್ಕದಲ್ಲಿಟ್ಕೊಂಡು, ಅದನ್ನ ನೋಡ್ತಾ ನಮ್ಮನ್ನ ಹೊಡೆಯೋದು. ಆದ್ರೆ ಡಿಲೇ ಇದೆಯಲ್ಲ, ಹೇಗೆ..."

ತಾನು ಹಾಕಿದ ಸೊನ್ನೆ ಟೋಕನಮ್ಮನಿಗೆ ನೆನಪಾಯಿತು. ಹತ್ತೊಂಬತ್ತು ವರ್ಷದಲ್ಲಿ ಆಕೆ ಒಬ್ಬರ ಟೋಕನ್ ಇನ್ನೊಬ್ಬರಿಗೆ ಕೊಟ್ಟವಳಲ್ಲ. ಸುಮ್ಮನಿದ್ದುಬಿಡಬಹುದಿತ್ತು, ಮಗಳು ತಾನೇ ಏನೋ ಎಡವಟ್ಟು ಮಾಡಿದೆ ಅಂದುಕೊಳ್ಳುತ್ತಿದ್ದಳು. ಆದರೆ ಹಾಗೆ ಅವಿತುಕೊಳ್ಳುವುದು ಆಕೆಗೆ ಬಾರದು.

"ನಾನೇ ತೆಗ್ದೆ ಕಣೇ. ಚಾಟ್ ತಡ ಆಗ್ತಿತ್ತು ಅಂತ."

ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತಳು. ಆಮೇಲೆ ಪಂದ್ಯದ ತೀರ್ಪುಗಾರನಿಗೆ ಫೋನ್ ಮಾಡಿದಳು. ಅವನು ಆಕಳಿಸುತ್ತಲೇ ಮಾತಾಡಿದ. ಎದುರಾಳಿಯ ಸ್ಟ್ರೀಮ್ ನೋಡಿದ್ದು ರುಜುವಾತಾದರೆ ತಂಡವನ್ನೇ ಹೊರಗೆ ಹಾಕುತ್ತಾರಂತೆ. ಆದರೆ ಪುರಾವೆ ಎಲ್ಲಿ? ಡಿಲೇ ಹಾಕಿಕೊಳ್ಳುವುದು ಆಟಗಾರರದ್ದೇ ಜವಾಬ್ದಾರಿ. ಮೂರನೇ ಆಟಕ್ಕೆ ಆರು ನಿಮಿಷ ಇದೆ. ನಮಸ್ಕಾರ.

"ಮತ್ತೆ ಡಿಲೇ ಹಾಕ್ತೀನಿ," ಎಂದಳು ಮಗಳು, ದನಿಯೇ ಇಲ್ಲದೆ.

"ಹಾಕ್ಬೇಡ."

"ಅಮ್ಮಾ, ಸಾಕು!"

"ಸ್ವಲ್ಪ ಕೇಳು ಇಲ್ಲಿ. ಈ ಔಷಧಿ ಕಂಪನಿಯವರು ನಮ್ಮ ಡಾಕ್ಟರ ಬಾಗಿಲಿಗೆ ಕಿವಿ ಹಚ್ಕೊಂಡು ಕೂತಿರ್ತಾರೆ, ಗೊತ್ತಲ್ಲ. ಒಂದಿನ ನಂಗೆ ತಲೆ ಕೆಟ್ಟು, ಫೋನ್ ಎತ್ತಿ, ಅವರಿಗೆ ಕೇಳೋ ಹಾಗೆ 'ಹೌದು ಸಾರ್, ಹಿಂದಿನ ಬಾಗಿಲಿಂದ ಹೋಗಿ ಸಾರ್' ಅಂದೆ. ಆ ಕಡೆ ಯಾರೂ ಇರ್ಲಿಲ್ಲ, ಫೋನ್ ಕೆಟ್ಟು ಒಂದು ವಾರ ಆಗಿತ್ತು. ನಾಲ್ಕು ಜನ ಚೀಲ ಹೊತ್ಕೊಂಡು ಹಿಂದಿನ ಬಾಗಿಲಿಗೆ ಓಡಿದ್ರು. ನಾನು ಮುಂದಿನ ಬಾಗಿಲಿಂದ ಆರು ಜನ ರೋಗಿಗಳನ್ನ ಆರಾಮಾಗಿ ಒಳಗೆ ಕಳಿಸ್ದೆ." ಟೋಕನಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕದ್ದು ಕೇಳೋನು, ಕೇಳಿದ್ದನ್ನ ಪೂರ್ತಿ ನಂಬ್ತಾನೆ ಕಣೇ."

ಮಗಳು ಮುಖದಿಂದ ಕೈ ತೆಗೆದಳು. ಆಮೇಲೆ ಫೋನ್ ತೆಗೆದು ತಂಡದ ನಾಲ್ವರನ್ನೂ ಒಟ್ಟಿಗೆ ಕರೆದಳು.

ಮೂರನೆಯದು ಒಂದೇ ಸುತ್ತು, ಮೂರೇ ನಿಮಿಷ. ಹಳೆಯ ಬಂಗಲೆಯೊಂದರ ಒಳಗೆ ಆಟ. ಸುಲ್ತಾನನ ತಂಡ ಒಂದು ಪೆಟ್ಟಿಗೆಯನ್ನು ಹೊರಗಿನಿಂದ ಹೊತ್ತು ತಂದು ನಡುಮನೆಯಲ್ಲಿ ಇಡಬೇಕು. ಮಗಳ ತಂಡ ತಡೆಯಬೇಕು. ಒಳಗೆ ಬರಲು ಎರಡೇ ದಾರಿ: ಅಡುಗೆಮನೆಯ ಬಾಗಿಲಿಂದ ಬಂದರೆ ಹತ್ತು ಹೆಜ್ಜೆ, ಕಾರ್ ಶೆಡ್ ಸುತ್ತಿ ಮೆಟ್ಟಿಲು ಹತ್ತಿ ಬಂದರೆ ಒಂದು ಊರಿನಷ್ಟು ದೂರ. ತಡೆಯುವವರು ಬಾಗಿಲುಗಳಲ್ಲಿ ಎರಡು ನೆಲಬಾಂಬು ಹೂಳಬಹುದು, ಅದಕ್ಕೆ ಮೈನ್ ಅನ್ನುತ್ತಾರೆ. ಹೂತದ್ದು ಎದುರಾಳಿಗೆ ಕಾಣುವುದಿಲ್ಲ. ಕದ್ದು ನೋಡುವವನಿಗೆ ಮಗಳ ಪರದೆ ಕಾಣುತ್ತದೆ, ಅವಳ ತಂಡದ ಮಾತು ಕೇಳುತ್ತದೆ, ಅಷ್ಟೇ. ಜೊತೆಯವರ ಜಾಗ ತೋರಿಸುವ ಸಣ್ಣ ನಕಾಶೆಯ ಮೇಲೆ, ಸ್ಟ್ರೀಮಿನಲ್ಲಿ ಮಾತ್ರ, ಟೋಕನಮ್ಮ ಮೊದಲೇ ಕ್ಲಿನಿಕ್ಕಿನ ಬೋರ್ಡಿನ ಚಿತ್ರ ಅಂಟಿಸಿದ್ದಳು: ದಯವಿಟ್ಟು ಸಾಲಿನಲ್ಲಿ ಬನ್ನಿ.

ಮಗಳು ಸ್ಟ್ರೀಮಿನ ದನಿ ಮತ್ತೆ ಹಾಕಿದಳು, ಆಟ ಶುರುವಾಯಿತು. ಎರಡು ನಿಮಿಷದಲ್ಲಿ ಮಗಳ ಕಡೆ ಮೂವರು ಬಿದ್ದರು. ಸುಲ್ತಾನನ ಕಡೆ ಬಿದ್ದದ್ದು ಒಬ್ಬನೇ. ಮಗಳು ಮಹಡಿಯ ಕಿಟಕಿಯಲ್ಲಿ, ದೂರದಲ್ಲಿ. ಉಳಿದ ಇನ್ನೊಬ್ಬಳು, ಇರುವೆ ಎಂಬ ಹೆಸರಿನ ಕಿರಿಯವಳು, ಕಾರ್ ಶೆಡ್ಡಿನ ಕತ್ತಲಲ್ಲಿ. ಅಡುಗೆಮನೆಯ ಬಾಗಿಲು ಹಾರುಹೊಡೆದಿತ್ತು. ಕಾಯುವವರು ಯಾರೂ ಇರಲಿಲ್ಲ, ನೆಲದಲ್ಲಿ ಒಂದು ಪಟಾಕಿಯೂ ಇರಲಿಲ್ಲ.

ಅರವತ್ತು ಸೆಕೆಂಡು ಇತ್ತು. ಚಾಟ್‌ನಲ್ಲಿ ಅಡುಗೆಮನೆ, ಅಡುಗೆಮನೆ ಎಂದು ಬೈಗುಳ ಸುರಿಯುತ್ತಿತ್ತು. ಟೋಕನಮ್ಮ ಯಾರನ್ನೂ ಬ್ಯಾನ್ ಮಾಡಲಿಲ್ಲ.

ಮಗಳು ಮೈಕಿಗೆ ಬಾಯಿ ಹತ್ತಿರ ತಂದಳು. "ಇರುವೆ, ಅಡುಗೆಮನೆ ಬಾಗಿಲಲ್ಲಿ ನಿನ್ನ ಮೈನ್ ಇದೆ ತಾನೆ?"

"ಇದೆ ಅಕ್ಕ. ಎರಡೂ ಅಲ್ಲೇ ಹೂತಿದೀನಿ."

"ಸರಿ. ಆ ಕಡೆ ಬರೋದು ಬೇಡ. ಬರೋರು ಬರ್ಲಿ, ಹಾರಿ ಹೋಗ್ಲಿ."

ಕಿಟಕಿಯಾಚೆ, ಕೆಳಗಿನ ಅಂಗಳದಲ್ಲಿ, ಪೆಟ್ಟಿಗೆ ಹೊತ್ತು ನಾಲ್ವರು ಓಡಿಬಂದರು. ಅಡುಗೆಮನೆ ಬಾಗಿಲಿಗೆ ಮೂರು ಹೆಜ್ಜೆ ಇರುವಾಗ ಗಕ್ಕನೆ ನಿಂತರು. ಖಾಲಿ ಬಾಗಿಲು ತೆರೆದೇ ಇತ್ತು, ಒಳಗೆ ನಡುಮನೆ ಕಾಣುತ್ತಿತ್ತು. ಒಬ್ಬ ಹಿಂದಕ್ಕೆ ಸರಿದ, ಅವನನ್ನು ನೋಡಿ ಇನ್ನೊಬ್ಬ ಸರಿದ. ಮೂವತ್ತೆಂಟು ಸೆಕೆಂಡು. ನಾಲ್ವರೂ ತಿರುಗಿ ಕಾರ್ ಶೆಡ್ಡಿನ ಕಡೆಗೆ ಓಟ ಕಿತ್ತರು.

ಶೆಡ್ಡಿನ ಕತ್ತಲಲ್ಲಿ ಇರುವೆ ಇಬ್ಬರನ್ನು ಕೆಡವಿ ತಾನೂ ಬಿದ್ದಳು. ಮೂರನೆಯವನನ್ನು ಮಗಳು ಮೆಟ್ಟಿಲ ಬುಡದಲ್ಲಿ ಹೊಡೆದಳು. ಕನ್ನಡಕದ ಗಾಜಿಗೆ ಒಂದು ಕೂದಲಿನಷ್ಟು ಅಂಚು ತೆಗೆಯುವ ಕೈ ಅದು, ಅಲುಗಲಿಲ್ಲ. ಸುಲ್ತಾನನೊಬ್ಬ ಪೆಟ್ಟಿಗೆ ಹೊತ್ತು ಏದುಸಿರಿಡುತ್ತ ಮೆಟ್ಟಿಲು ಹತ್ತುತ್ತಿದ್ದ. ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಗಡಿಯಾರ ಸೊನ್ನೆಗೆ ಬಂತು.

ಮಗಳು ಪರದೆ ನೋಡುತ್ತ ಕೂತೇ ಇದ್ದಳು. ಆಟ ಮುಗಿದ ಮೇಲೆ ಎಲ್ಲಿ ಏನೇನು ಹೂತಿದ್ದರು ಎಂದು ಬಂಗಲೆಯ ಚಿತ್ರ ಎಲ್ಲರಿಗೂ ತೋರಿಸುತ್ತಾರೆ. ಅಡುಗೆಮನೆ ಬಾಗಿಲು ಖಾಲಿ.

ಸೋತವರು ಜಿಜಿ ಬರೆಯಬೇಕು. ಸುಲ್ತಾನ ಬರೆಯಲಿಲ್ಲ. ಸಿಟ್ಟು ನೆತ್ತಿಗೇರಿ, ಇಲ್ಲಿಯವರೆಗೆ ಕದ್ದು ನೋಡುತ್ತಿದ್ದ ಮಗಳ ಚಾಟ್‌ಗೇ ತನ್ನ ಸ್ವಂತ ಹೆಸರಿನಲ್ಲಿ ನುಗ್ಗಿ ಬರೆದ: "ಸುಳ್ಳಿ! ಮೈನ್ ಇದೆ ಅಂತ ಇರುವೆ ಹತ್ರ ಹೇಳಿಸ್ದೆ! ಎಲ್ಲಿತ್ತು ಮೈನ್? ಮೋಸ!"

ಮಗಳ ತಂಡದ ಮಾತು ಅವನ ಕಿವಿಗೆ ಬೀಳುವ ದಾರಿ ಜಗತ್ತಿನಲ್ಲಿ ಒಂದೇ ಇತ್ತು. ಅದನ್ನು ಅವನೇ ಎರಡು ಸಾವಿರ ಜನರ ಎದುರು ತೋರಿಸಿಕೊಟ್ಟಿದ್ದ.

ತಪ್ಪು ಅರಿವಾಗಿ ಅವನು ಅಳಿಸಲು ಹೋಗುವಷ್ಟರಲ್ಲಿ ಟೋಕನಮ್ಮನ ಬೆರಳು ಇಳಿದಿತ್ತು. ಇಡೀ ವರ್ಷ ಸಾವಿರಾರು ಕೊಳಕು ಮಾತು ಅಳಿಸಿದ ಬೆರಳು ಈ ಒಂದನ್ನು ಅಳಿಸಲಿಲ್ಲ. ಫೋನ್ ತೆಗೆದು ಫೋಟೋ ಹಿಡಿದಳು. ಚಾಟ್‌ನ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವಂತೆ, ಪಿನ್ ಮಾಡಿದಳು. ಅದರ ಕೆಳಗೆ ತನ್ನ ಹೆಸರಿನಲ್ಲಿ ಬರೆದಳು: "ಅಡುಗೆಮನೆಗೆ ಹೋಗೋಕೆ ಇಷ್ಟು ಹೆದರಿಕೆ ಯಾಕಪ್ಪ? ಬಾಗಿಲು ತೆರೆದೇ ಇತ್ತಲ್ಲ."

ಆಮೇಲೆ ಚಾಟ್ ಓದಲಾಗದಷ್ಟು ವೇಗವಾಗಿ ಓಡಿತು. ಈ ಸಲ ನಗು. ತೀರ್ಪುಗಾರನಿಂದ ಫೋನ್ ಬಂತು, ಈಗ ಆಕಳಿಕೆ ಇರಲಿಲ್ಲ. ನಾಲ್ವರೂ ಖಾಲಿ ಬಾಗಿಲ ಮುಂದೆ ನಿಂತದ್ದನ್ನು ಅವನೂ ನೋಡಿದ್ದನಂತೆ, ಆ ಫೋಟೋ ಕಳಿಸಲು ಸಾಧ್ಯವೇ ಎಂದು ಕೇಳಿದ. ಜೊತೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ: ವಿಷಯ ತನಿಖೆ ಆಗುವವರೆಗೆ ಸ್ಟ್ರೀಮ್ ಮುಚ್ಚಿ ಸ್ವಲ್ಪ ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು.

ಫೋನ್ ಹಿಡಿದಿದ್ದವಳು ಟೋಕನಮ್ಮ. "ಯಾರಿಗೆ ಒಳ್ಳೇದು ಸಾರ್?" ಎಂದು ಕೇಳಿದಳು. "ಫೋಟೋ ಈಗ್ಲೇ ಕಳಿಸ್ತೀನಿ. ಸುಮ್ನಿರೋದು ಮಾತ್ರ ಆಗಲ್ಲ, ನಮ್ಮ ಮನೇಲಿ ಅದು ನಿಂತು ಬಹಳ ವರ್ಷ ಆಯ್ತು."

ಮಗಳು ಅಮ್ಮನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ಮೂಗು ಕೆಂಪಾಗಿತ್ತು. ಹೆಡ್‌ಫೋನ್ ಸರಿಮಾಡಿಕೊಂಡು ಕೇಳಿದಳು. "ಅಮ್ಮಾ, ಮೈಕ್ ಇನ್ನೂ ಆನ್ ಇದ್ಯಾ?"

"ಇದೆ. ನಾನಂದಿದ್ದು ಕೂಡ ಎಲ್ಲಾ ಹೋಗಿರತ್ತೆ. ಆಫ್ ಮಾಡ್ಲಾ?"

"ಬೇಡ," ಎಂದಳು ಮಗಳು. "ಇನ್ನೊಂಚೂರು ಜೋರು ಮಾಡು."