ಮೀಸಲು ಕಾರ್ಡು

ಮಳೆಗಾಲದಲ್ಲಿ ಊರೊಳಗೆ ನುಗ್ಗುವ ಮಲಪ್ರಭೆಗೆ ಹೊಳೆಮಣ್ಣೂರಿನವರು ಬೇಡಿಕೊಳ್ಳುವುದು ಒಂದೇ ಮಾತು: ‘ಅಲ್ಲೇ ನಿಲ್ಲವಾ ತಾಯಿ.’ ಹೊಳೆ ಹರಿಯಲೆಂದು ಹಂಬಲಿಸಿದವಳು ರಾಯಣ್ಣನ ಮಗಳು ಮೇಘಾ ಒಬ್ಬಳೇ. ಅವಳ ಹೊಳೆ ಇದ್ದದ್ದು ಕಂಪ್ಯೂಟರಿನೊಳಗೆ.

ಗಜೇಂದ್ರಗಡದ ಸೋದರಮಾವ ಬಳಸಿ ಬಿಟ್ಟ ಹಳೇ ಕಂಪ್ಯೂಟರು ಅದು. ಕಾಲೇಜಿನಿಂದ ಬಂದವಳೇ ಅದರ ಮುಂದೆ ಕೂತು ಹೊಳೆದಂಡೆಯ ಮೆಟ್ಟಿಲು, ಕೊಡ ಹಿಡಿದು ಇಳಿಯುವ ಹೆಣ್ಣುಮಗಳು, ಕೆಳಗೆ ನೀರು, ಎಲ್ಲವನ್ನೂ ತಾನೇ ತಿದ್ದಿ ತೀಡಿ ಮಾಡಿದ್ದಳು. ಓಡಿಸಿ ನೋಡಲು ಹೋದರೆ ನೀರು ತುಸು ಮಿಸುಕಿ ಗಪ್ಪನೆ ನಿಲ್ಲುತ್ತಿತ್ತು. ಹೆಣ್ಣುಮಗಳು ಎತ್ತಿದ ಕಾಲು ಎತ್ತಿದ ಹಾಗೇ ಉಳಿಯುತ್ತಿತ್ತು.

“ಅಪ್ಪಾ, ಒಂದ ಗ್ರಾಫಿಕ್ಸ್ ಕಾರ್ಡ್ ಕೊಡಸಪಾ. ನನ್ನ ಹೊಳಿ ಹರಿಯವಲ್ದು.”

“ನಿಂತ ಹೊಳಿನ ಚಲೋ ಬಿಡವಾ. ಹರಿಯೂ ಹೊಳಿ ನೋಡಿ ನೋಡಿ ಸಾಕಾಗೇತಿ.”

ನಕ್ಕು ಹಾರಿಸಿದ ಮಾತು. ದೀಪಾವಳಿ ಬರಲಿ ಅಂದಿದ್ದ. ದೀಪಾವಳಿ ಬಂತು, ಮೇಘಾ ಇರಲಿಲ್ಲ. ಜ್ವರವೆಂದು ದವಾಖಾನೆಗೆ ಹೋದವಳು ನಡೆದು ತಿರುಗಿ ಬರಲಿಲ್ಲ. ಶಿವ ಕೊಟ್ಟದ್ದನ್ನು ಶಿವನೇ ಒಯ್ದ ಅಂದರು ಹಿರಿಯರು. ರಾಯಣ್ಣ ಹೂಂ ಅಂದ.

ಮರುವರ್ಷ ಮಹಾನವಮಿ ಅಮಾಸಿ ಬಂತು, ಹೋದವರಿಗೆ ಎಡೆ ಇಡುವ ದಿನ. ಅವರು ಮೆಚ್ಚಿದ್ದನ್ನು ಎಡೆಯ ಬದಿಗಿಟ್ಟು ಕೈಮುಗಿದು, ಆಮೇಲೆ ಮನೆಯವರು ಬಳಸಬೇಕು. ಬಳಸಿದರೇ ಅದು ಹೋದವರಿಗೆ ಮುಟ್ಟಿತು ಎಂದು ಆ ಮನೆಯ ನಂಬಿಕೆ.

“ಸೀರಿ ತರಲೇನು?” ಅಂತ ಕೇಳಿದ ಗಂಡನಿಗೆ ಹೊಳೆವ್ವ ಹೇಳಿದಳು: “ಆಕಿ ಬೇಡಿದ್ದು ಸೀರಿ ಅಲ್ಲ.”

ರೋಣದ ಮುಜಫ್ಫರನ ಕಂಪ್ಯೂಟರ್ ಅಂಗಡಿಯಲ್ಲಿ ರಾಯಣ್ಣ ಮೊಬೈಲು ತೆಗೆದು, ಮೇಘಾ ಕಳಿಸಿದ್ದ ಚಿತ್ರ ತೋರಿಸಿದ. ಎರಡು ಫ್ಯಾನಿನ ದೊಡ್ಡ ಕಾರ್ಡು. ಮನೆಯ ಕಂಪ್ಯೂಟರಿನ ಫೋಟೋ ನೋಡಿ ಮುಜಫ್ಫರ ನಕ್ಕುಬಿಟ್ಟ.

“ಯಜಮಾನ್ರ, ಮುದಿ ಎತ್ತಿಗೆ ಕಬ್ಬಿನ ಗಾಡಿ ಹೂಡತೀರೇನ್ರಿ? ಇದರ ಪವರ್ ಸಪ್ಲಾಯ್ ಆ ಭಾರ ತಾಳಂಗಿಲ್ಲ, ಡಬ್ಬ್ಯಾಗ ಜಾಗಾನೂ ಸಾಲಂಗಿಲ್ಲ. ಈ ಸಣ್ಣದ ನೋಡ್ರಿ, ಒಂದ ಫ್ಯಾನಿಂದು. ಬ್ಯಾರೆ ವೈರ್ ಬೇಡಂಗಿಲ್ಲ, ಬೋರ್ಡಿನ ಕರೆಂಟಿನ ಮ್ಯಾಲೇ ನಡೀತೈತಿ.”

ರಾಯಣ್ಣ ಎರಡನ್ನೂ ನೋಡಿದ. ಬೇಡಿದ್ದು ದೊಡ್ಡದು. ಆದರೆ ಓಡದ ವಸ್ತುವನ್ನು ಬಳಸುವುದೆಂತು, ಅವಳಿಗೆ ಮುಟ್ಟುವುದೆಂತು? ‘ಈಗಲೂ ನಿನಗ ಸಣ್ಣದನ್ನ ಕೊಡಾಕತ್ತೇನಲ್ಲ ಮಗಳ’ ಎಂದು ಒಳಗೇ ಬೆಂದ.

“ಇದರಿಂದ ಹೊಳಿ ಹರಿತೈತೇನ್ರಿ? ಮಗಳು ಕಂಪ್ಯೂಟರದಾಗ ಹೊಳಿ ಮಾಡ್ಯಾಳ್ರಿ.”

“ಯಾಕ ಹರಿಯಂಗಿಲ್ಲ? ಒಂದ ಚಾ ಕುಡಿಯೂದ್ರಾಗ ಹಚ್ಚೂ ಕೆಲಸ. ಇಷ್ಟಕ್ಕ ಹುಡುಗಿನ್ನ ಎಷ್ಟ ದಿನಾ ಕಾಯಿಸಿದ್ರಿ?”

ಚೇಷ್ಟೆಗೆ ಅಂದದ್ದು. ರಾಯಣ್ಣ ಮೊಬೈಲನ್ನು ಜೇಬಿಗಿಟ್ಟ.

ಮುಜಫ್ಫರ ಸಣ್ಣ ಕಾರ್ಡಿನ ಪೆಟ್ಟಿಗೆಗೆ ಕೈ ಹಾಕಿದ. “ಇಲ್ಲೇ ಹಚ್ಚಿ ತೋರಸ್ತೇನಿ, ಬರ್ರಿ.”

“ಬ್ಯಾಡ್ರಿ!” ರಾಯಣ್ಣ ಪೆಟ್ಟಿಗೆಯನ್ನು ಎದೆಗೆ ಎಳೆದುಕೊಂಡ. “ಮೀಸಲ ಐತ್ರಿ ಇದು. ಆಕಿಗಿಂತ ಮೊದಲ ಯಾರೂ ಬಳಸಬಾರ್ದು. ಅಮಾಸಿಗೆ ಎಡಿಗೆ ಇಡೂದೈತಿ.”

ಮುಜಫ್ಫರನ ಕೈ ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಅಂದ: “ಅವತ್ತ ನಾನ ಬಂದ ಹಚ್ಚಿ ಕೊಡ್ತೇನ್ರಿ.”

ಅಮಾಸಿಯಂದು ಬಂದ. ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಆತು ಕೂತ. ಮೇಘಾಳ ಫೋಟೋದ ಮುಂದೆ ಹೋಳಿಗೆ, ಬದಿಗೆ ವಿಭೂತಿ ಹಚ್ಚಿದ ಪೆಟ್ಟಿಗೆ. ಊದಿನಕಡ್ಡಿ ಉರಿದು ಮುಗಿಯಿತು. ಹೊಳೆವ್ವ ತಾನೇ ಪೆಟ್ಟಿಗೆಯ ಸೀಲು ಒಡೆದು ಕೊಟ್ಟಳು.

ಕಾರ್ಡು ಕೂತಿತು, ಫ್ಯಾನು ಗುಂಯ್ ಅಂತು. ಮೇಘಾಳ ಹೊಳೆ ಹರಿಯಿತು, ಎಲ್ಲೂ ತಡೆಯದೆ, ಖರೇ ಹೊಳೆಯ ಹಾಗೆ ಬಿಸಿಲನ್ನು ಮುರಿಯುತ್ತ. ಇಷ್ಟು ದಿನ ಗಾಳಿಯಲ್ಲಿ ನಿಂತಿದ್ದ ಆ ಹೆಣ್ಣುಮಗಳ ಕಾಲು ಮೆಟ್ಟಿಲು ಮುಟ್ಟಿತು. ಇಳಿದಳು, ಕೊಡ ತುಂಬಿದಳು, ದಂಡೆ ಹಿಡಿದು ನಡೆದಳು. ತಿರುಗಿ ನೋಡದೆ ಪರದೆಯ ಅಂಚು ದಾಟಿದಳು.

“ಎಲ್ಲಿಗೆ ಹ್ವಾದ್ಲ?” ಹೊಳೆವ್ವ ಪರದೆಯ ಹತ್ತಿರ ಸರಿದಳು.

“ಅಷ್ಟ ಮಾಡ್ಯಾರ್ರಿ ಅಕ್ಕಾ. ಮುಂದ ಇಲ್ಲ,” ಅಂದ ಮುಜಫ್ಫರ.

ಪರದೆಯ ತುಂಬ ಬರೀ ನೀರು.

“ಸಾಹೇಬ್ರ, ತಗದಬಿಡ್ರಿ ಆ ಕಾರ್ಡನ್ನ,” ಅಂದ ರಾಯಣ್ಣ. “ಮೊದಲಿನಂಗ ಆಕಿ ಅಲ್ಲೇ ನಿಂದರ್ಲಿ. ಕಾಲ ಎತ್ಗೊಂಡರ ನಿಂದರ್ಲಿ.”

ಮುಜಫ್ಫರ ಹೊಳೆವ್ವನ ಮುಖ ನೋಡಿದ. ಅವಳು ಸೆರಗು ಬಾಯಿಗೊತ್ತಿ ಅಡ್ಡಡ್ಡ ತಲೆಯಾಡಿಸಿದಳು.

“ಬ್ಯಾಡ. ತಗದರ ಆಕಿಗೆ ಮುಟ್ಟಂಗಿಲ್ಲ.”

ರಾಯಣ್ಣ ನೆಲಕ್ಕೆ ಕುಸಿದು ಕೈ ಜೋಡಿಸಿದ. ಹೊಳೆಗೆ ಊರು ಬೇಡುವ ಆ ಮಾತು ಬಾಯಿತನಕ ಬಂತು, ಆಡಲಿಲ್ಲ. ಹೊಳೆ ಹರಿಯುತ್ತಲೇ ಇತ್ತು.