ಎರಡನೆಯ ಚೀಟಿ

ಆಸ್ಪತ್ರೆಯಲ್ಲಿ ಆ ದಿನ ಅಕ್ಕನ ಕೈಗೆ ಬಂದದ್ದು ತಮ್ಮನ ಹೆಸರಿನ ಎರಡು ಚೀಟಿ. ಮೊದಲನೆಯದರಲ್ಲಿ ಹಳೆಯ ಮಾತ್ರೆಗಳೇ ಇದ್ದವು, ಅವೆಲ್ಲ ಅವಳಿಗೆ ಬಾಯಿಪಾಠ. ಎರಡನೆಯದರಲ್ಲಿ ಮಾತ್ರೆಯ ಹೆಸರೇ ಇರಲಿಲ್ಲ. ‘ನಡಿಗೆ: ಐದು ನಿಮಿಷ, ದಿನಕ್ಕೆ ಎರಡು ಸಲ. ಪ್ರತಿ ವಾರ ಎರಡು ನಿಮಿಷ ಹೆಚ್ಚಿಸುವುದು. ಕುರ್ಚಿಯಿಂದ ಎದ್ದು ಕೂರುವುದು: ಎಂಟು ಸಲ.’ ಕೆಳಗೆ ಸಹಿ, ಮೊಹರು ಎಲ್ಲ ಇತ್ತು.

“ಇದೂ ಔಷಧಿನೇ ಅಮ್ಮಾ,” ಎಂದಳು ಡಾಕ್ಟರು. ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಖಡಕ್ಕು. “ಹೃದಯ ಸೋತಿದೆ ಅಂತ ಮಲಗಿಸಿಬಿಟ್ರೆ ಕೈಕಾಲೂ ಸೋತುಹೋಗ್ತವೆ. ನಡೀತಾ ಮಾತಾಡೋಕಾಗ್ಬೇಕು, ಹಾಡೋಕೆ ಮಾತ್ರ ಉಸಿರು ಸಾಲ್ಬಾರದು. ಅಷ್ಟೇ ಅಳತೆ. ಎದೆ ನೋವು, ತಲೆ ಸುತ್ತು ಬಂದ್ರೆ ನಿಲ್ಸಿ ನಂಗೆ ಫೋನ್ ಮಾಡಿ. ತಮ್ಮನಿಗೂ ತಿಳಿಸಿಬಿಡಿ, ಮುಂದಿನ ವಾರ ನಾನೇ ವಿಚಾರಿಸ್ತೀನಿ.”

ಅಷ್ಟರಲ್ಲಿ ಅವಳಿಗೆ ಪಕ್ಕದ ವಾರ್ಡಿನಿಂದ ಕರೆ ಬಂತು, ಎದ್ದು ಹೋದಳು. ತಮ್ಮನೂ ಇಸಿಜಿ ಕೋಣೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದ.

“ಏನಂದ್ರು ಅಕ್ಕ?”

“ಅದೇ ಮಾತ್ರೆ. ಆರಾಮಾಗಿರ್ಬೇಕಂತೆ.”

ಎರಡನೆಯ ಚೀಟಿ ಆಗಲೇ ಅವಳ ಪರ್ಸಿನ ಒಳಜೇಬು ಸೇರಿತ್ತು. ಹಾಗೆ ಮಾಡುತ್ತೇನೆಂದು ಅವಳೇ ಅಂದುಕೊಂಡಿರಲಿಲ್ಲ. ಕೈ ಮಾಡಿತು, ಬಾಯಿ ಅದಕ್ಕೆ ಸೇರಿಕೊಂಡಿತು.

ತಮ್ಮ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವನು. ಹೋದ ವರ್ಷ ಡಿಪೋದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಜೀವ ಉಳಿಯಿತು, ಹೃದಯದ ಒಂದು ಭಾಗ ಕೆಲಸ ಬಿಟ್ಟಿತು. ಹೆಂಡತಿ ಮಕ್ಕಳಿಲ್ಲದ ಅವನನ್ನು ಅಕ್ಕ ತನ್ನ ಎರಡನೇ ಮಹಡಿಯ ಮನೆಗೆ ಕರೆತಂದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನೇ ಅವಳಿಗೆ ಜೊತೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ಇಂಥ ಕೆಲಸಕ್ಕೆ ಓಣಿಯೆಲ್ಲ ಅವಳ ಬಳಿಗೇ ಬರುತ್ತಿತ್ತು. ತಮ್ಮ ಬಂದಂದಿನಿಂದ ಮಂಚದ ಪಕ್ಕದಲ್ಲೇ ನೀರಿನ ಲೋಟ, ಅಲ್ಲೇ ತಟ್ಟೆ, ಅಲ್ಲೇ ಪೇಪರು. ಅವನು ಕಾಲು ಕೆಳಗಿಟ್ಟರೆ ಸಾಕು, ಮೆಷಿನ್ನಿನ ಸದ್ದು ನಿಲ್ಲುತ್ತಿತ್ತು.

“ನಾನೂ ಎಷ್ಟೋ ಕಂಡಕ್ಟರ್‌ಗಳನ್ನ ನೋಡಿದೀನಿ,” ಎನ್ನುತ್ತಿದ್ದ ಅವನು, “ನಿನ್ನಷ್ಟು ಜೋರಿನೋರು ಯಾರೂ ಇರ್ಲಿಲ್ಲ.”

ಮುಂದಿನ ಮಂಗಳವಾರ ಡಾಕ್ಟರ ಫೋನು ಬಂತು. ಅಕ್ಕ ಅಡುಗೆಮನೆಗೆ ಹೋಗಿ, ದನಿ ತಗ್ಗಿಸಿ, “ನಡೀತಿದ್ದಾನೆ ತಾಯಿ, ಐದೈದು ನಿಮಿಷ,” ಎಂದಳು. ಅದರ ಮುಂದಿನ ವಾರ ಏಳು ಎಂದಳು. ಮೂರನೆಯ ವಾರ ಒಂಬತ್ತು. ಅವಳ ಸುಳ್ಳು ಚೀಟಿಯಲ್ಲಿ ಬರೆದಂತೆಯೇ ವಾರಕ್ಕೆರಡು ನಿಮಿಷ ಬೆಳೆಯುತ್ತಿತ್ತು, ತಮ್ಮ ಮಾತ್ರ ದಿನದಿನಕ್ಕೂ ಇಳಿಯುತ್ತಿದ್ದ. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದ. ಗಡ್ಡ ಹೆರೆದುಕೊಳ್ಳುವಾಗ ಒಂದು ಕೆನ್ನೆ ಮುಗಿಸಿ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡು ಇನ್ನೊಂದು ಕೆನ್ನೆಗೆ ಕೈ ಹಾಕುತ್ತಿದ್ದ.

ಒಂದು ಸಂಜೆ ಅವನೇ ಮೆಲ್ಲಗೆ ಹೇಳಿದ: “ಅಕ್ಕ, ನನ್ನ ಕಥೆ ಮುಗೀತು ಅನ್ಸುತ್ತೆ. ಒಂದು ಮಾತ್ರೆನೂ ತಪ್ಪಿಸಿಲ್ಲ. ಆದ್ರೂ ಕಾಲಲ್ಲಿ ಜೀವಾನೇ ಇಲ್ಲ.”

“ಸುಮ್ನಿರು, ಏನೇನೋ ಮಾತಾಡ್ಬೇಡ,” ಎಂದಳು ಅವಳು. ಚೀಟಿ ಕೊಟ್ಟರೆ ನಡೆದು ಬಿದ್ದಾನು, ಕೊಡದಿದ್ದರೆ ಹೀಗೇ ಕರಗಿ ಹೋದಾನು. ಪರ್ಸು ಮೊಳೆಗೆ ನೇತುಬಿದ್ದಿತ್ತು. ಅವಳು ಅದರ ಕಡೆ ಬೆನ್ನು ಮಾಡಿ ಕೂತು ಹೊಲಿದಳು.

ನಾಲ್ಕನೆಯ ಮಂಗಳವಾರ ಡಾಕ್ಟರು ಬೇರೆಯೇ ಮಾತು ತೆಗೆದಳು. “ಹನ್ನೊಂದು ನಿಮಿಷ ಆಗ್ತಿರ್ಬೇಕಲ್ಲ? ಹೇಗನ್ಸುತ್ತೆ ಅಂತ ಅವರನ್ನೇ ಕೇಳ್ಬೇಕು. ಫೋನ್ ಕೊಡಿ ಅಮ್ಮಾ.”

“ಅವನು... ಮಲಗಿದಾನೆ.”

“ಯಾರಕ್ಕ?” ತಮ್ಮ ಬಾಗಿಲಿಗೆ ಆತು ನಿಂತಿದ್ದ. ಯಾವಾಗ ಎದ್ದು ಬಂದಿದ್ದನೋ. ಕೈ ಚಾಚಿದ. ಕೊಡದೆ ವಿಧಿಯಿರಲಿಲ್ಲ.

“ಹೇಳಿ ಡಾಕ್ಟ್ರೇ... ನಡಿಗೆನಾ? ಯಾವ ನಡಿಗೆ?”

ಅಕ್ಕ ಸಿಂಕಿನ ನಲ್ಲಿ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ಅವನು ಬಹಳ ಹೊತ್ತು ಕೇಳಿಸಿಕೊಂಡ. ಹೂಂ ಅಂದ. ನಾಳೆ ಬರ್ತೀವಿ ಅಂದ. ಫೋನು ಕೆಳಗಿಟ್ಟು ಕೇಳಿದ: “ಚೀಟಿ ಎಲ್ಲಿ?”

ತಂದುಕೊಟ್ಟಳು. ಅವನು ಕೂತು ಎರಡು ಸಲ ಓದಿದ.

“ಸಾಯ್ತಿದೀನಿ ಅಂತ ನಾಲ್ಕು ವಾರದಿಂದ ದಿನ ಎಣಿಸ್ತಾ ಕೂತಿದೀನಿ. ನೀನು ಇದನ್ನ ಪರ್ಸಲ್ಲಿಟ್ಕೊಂಡು ನಂಗೆ ಊಟ ಬಡಿಸ್ತಿದ್ಯಾ?”

“ಅಮ್ಮ ಮೆಟ್ಟಿಲ ಮೇಲೆ ಬಿದ್ದು ತೀರ್ಕೊಂಡಾಗ ನೀನು ತೊಟ್ಟಿಲಲ್ಲಿದ್ದೆ ಕಣೋ,” ಎಂದಳು ಅಕ್ಕ. “ಅವಳಿಗೂ ಹೃದಯದ ಕಾಯಿಲೆನೇ. ಹತ್ಬೇಡ ಅಂತ ಹೇಳೋರು ಯಾರೂ ಇರ್ಲಿಲ್ಲ. ಹಿಂದೆ ಬರ್ತಿದ್ದೋಳು ನಾನು. ಹನ್ನೆರಡು ವರ್ಷ ನಂಗೆ. ನಾನು ಹಿಡ್ಕೊಳ್ಳಿಲ್ಲ.”

ಅವನು ಚೀಟಿಯನ್ನು ಮಡಚಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಮರುದಿನ ಡಾಕ್ಟರು ಅವನನ್ನು ಮತ್ತೆ ಪರೀಕ್ಷಿಸಿದಳು. ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ತಾನೇ ಪಕ್ಕದಲ್ಲಿದ್ದು ನಡೆಸಿದಳು. ಬೈಯುತ್ತಾಳೆಂದು ಅಕ್ಕ ಕಾದಿದ್ದಳು. ಅವಳು ಬೈಯಲಿಲ್ಲ. “ನಿಮ್ಮ ಹೆದರಿಕೆನ ಮೊದಲೇ ಹೇಳಿದ್ರೆ ಮೊದಲ ನಡಿಗೆ ನನ್ನ ಕಣ್ಮುಂದೆನೇ ಆಗ್ತಿತ್ತು. ನಾನೂ ಕೇಳ್ಬೇಕಿತ್ತು,” ಎಂದಳು. “ಐದು ನಿಮಿಷದಿಂದ್ಲೇ ಮತ್ತೆ ಶುರು.”

ಮನೆಯ ಹೊರಗಿನ ಓಣಿಯಂಥ ವರಾಂಡದಲ್ಲಿ, ಆರು ಬಾಗಿಲುಗಳ ಉದ್ದಕ್ಕೆ, ಅವನ ನಡಿಗೆ ಆರಂಭವಾಯಿತು. ಬಗ್ಗಿದರೆ ಉಸಿರು ಕಟ್ಟುತ್ತಿತ್ತು, ಶೂ ಲೇಸನ್ನು ಅಕ್ಕನೇ ಕಟ್ಟಿದಳು. ಗಡಿಯಾರ ಹಿಡಿದು ಪಕ್ಕದಲ್ಲೇ ಹೊರಟಳು. ನಾಲ್ಕನೆಯ ಬಾಗಿಲ ಹತ್ತಿರ ಅವನು ಗಕ್ಕನೆ ನಿಂತ. ಕೈ ಗೋಡೆಗೆ ಹೋಯಿತು, ಹಣೆಯಲ್ಲಿ ಬೆವರು. ಅಕ್ಕ ಅವನ ತೋಳು ಹಿಡಿದಳು.

“ನೋವಾ? ತಲೆ ಸುತ್ತಾ? ಮಾತಾಡೋ! ಏನಾದ್ರೂ ಮಾತಾಡೋ!”

ಅವನು ಇಲ್ಲ ಎಂಬಂತೆ ತಲೆಯಾಡಿಸಿದ. ಎರಡು ಉಸಿರು ಎಳೆದ. “ಮುಂದಿನ ಸ್ಟಾಪು... ಬಂತು. ಇಳಿಯೋರು... ಇಳೀರಿ.”

ಅವಳಿಗೆ ನಗು ಬಂತು, ಅಳುವೂ ಬಂತು, ಅವನ ಬೆನ್ನಿಗೆ ಒಂದು ಗುದ್ದಬೇಕೆಂದೂ ಅನ್ನಿಸಿತು. ಗುದ್ದಲಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ಇಬ್ಬರೂ ಉಳಿದೆರಡು ಬಾಗಿಲು ದಾಟಿದರು.

ಮೂರು ತಿಂಗಳಲ್ಲಿ ಅವನು ಮೆಟ್ಟಿಲಿಳಿದು ಬೀದಿಯ ತಿರುವಿನ ಸಲೂನಿನವರೆಗೆ ಒಬ್ಬನೇ ಹೋಗಿ ಬರುವಂತಾದ. ಹೃದಯ ಹೊಸದಾಗಿಲ್ಲ, ಆಗುವುದೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದಳು. ಆದರೆ ಆ ಹಜಾರದಲ್ಲಿ ಮೊದಲು ಆರು ನಿಮಿಷದಲ್ಲಿ ನಡೆದದ್ದು ನೂರೆಪ್ಪತ್ತು ಮೀಟರು, ಈಗ ಮುನ್ನೂರರ ಹತ್ತಿರ. ಶೂ ಲೇಸು ಅವನೇ ಕಟ್ಟಿಕೊಳ್ಳುತ್ತಿದ್ದ.

ಅಕ್ಕನ ಹೆದರಿಕೆ ಮಾತ್ರ ಮೀಟರಿನ ಲೆಕ್ಕಕ್ಕೆ ಸಿಗಲಿಲ್ಲ. ಹಿಂದೆ ಬರಬಾರದೆಂದು ತಮ್ಮ ಅವಳಿಂದ ಮಾತು ತೆಗೆದುಕೊಂಡಿದ್ದ. ಹೋಗಿಬರಲು ಅವನಿಗೆ ಹದಿನೆಂಟು ನಿಮಿಷ. ಮೊನ್ನೆ ಇಪ್ಪತ್ತೈದು ದಾಟಿತು. ಅವಳು ಅಂಗಿಯ ಒಂದು ತೋಳನ್ನು ತಲೆಕೆಳಗಾಗಿ ಹೊಲಿದಳು, ಬಿಚ್ಚಿದಳು. ಮೂವತ್ತಾಯಿತು. ಬಾಗಿಲವರೆಗೆ ಹೋದಳು, ಮಾತು ಕೊಟ್ಟದ್ದು ನೆನಪಾಗಿ ನಿಂತಳು, ಆದರೂ ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವನ ಕೆಮ್ಮು ಕೇಳಿಸಿತು.

“ಸಲೂನ್‌ನವನು ಕೂರಿಸ್ಕೊಂಡ,” ಎಂದ ಅವನು ಏದುಸಿರು ಬಿಡುತ್ತಾ. “ಹಳೇ ಪ್ಯಾಸೆಂಜರ್ ಅಂತೆ.”

ಅಕ್ಕ ಚಪ್ಪಲಿ ಕಳಚಿದಳು. ಮೆಷಿನ್ನಿಗೆ ಕೂತು ಸೂಜಿಗೆ ದಾರ ಪೋಣಿಸಲು ನೋಡಿದಳು, ದಾರ ಮತ್ತೆ ಮತ್ತೆ ತಪ್ಪಿತು. ಅವನು ಉಸಿರು ಸುಧಾರಿಸಿಕೊಂಡು ಹತ್ತಿರ ಬಂದು, ದಾರ ಇಸಿದುಕೊಂಡು, ತಾನೇ ಪೋಣಿಸಿ ಕೊಟ್ಟ.

“ನಾಳೆ ತಡ ಆಗೋ ಹಾಗಿದ್ರೆ ಫೋನ್ ಮಾಡ್ತೀನಿ,” ಎಂದ.

“ಮಾಡು,” ಎಂದಳು ಅವಳು, ತೋಳನ್ನು ಸರಿಯಾದ ಮಗ್ಗುಲಿಗೆ ತಿರುಗಿಸುತ್ತಾ.