ಖಾಲಿ ಮಗ್ಗಕ್ಕೆ ಅಜ್ಜನ ಎಳೆ

ಬನಹಟ್ಟಿಯ ನಮ್ಮ ಶೆಡ್ಡಿಗೆ ನಾಲ್ಕು ಪಾವರ್‌ಲೂಮ್ ಬಂದು ಎಂಟು ದಿನವಾಗಿತ್ತು. ಒಬ್ಬ ನೇಕಾರನೂ ಅವನ್ನು ಮುಟ್ಟಿರಲಿಲ್ಲ. ಸೋಮವಾರದೊಳಗೆ ನಡೆಯದಿದ್ದರೆ ಅವನ್ನು ತೇರದಾಳದವರಿಗೆ ಕೊಟ್ಟು ಶೆಡ್ಡು ಮುಚ್ಚುವುದೆಂದು ಮಾಲಕಿ ಕಸ್ತೂರೆವ್ವನ ಮೈದುನ ಹೇಳಿ ಹೋಗಿದ್ದ. ಐದನೆಯ ಇಯತ್ತೆಗೆ ಸಾಲೆ ಬಿಟ್ಟು ಅಲ್ಲೇ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ನೇಕಾರರೆಲ್ಲ ಚನಮಲ್ಲಪ್ಪ ಕಾಕಾನ ಮುಖ ನೋಡುತ್ತಿದ್ದರು. ಕಾಕಾ ಕೈಮಗ್ಗ ಬಿಟ್ಟು ಏಳಲೊಲ್ಲ.

"ಕರೆಂಟಿಗೆ ಅಂಜಿದೇನು ಕಾಕಾ?" ಕಸ್ತೂರೆವ್ವ ಕೇಳಿದಳು.

"ಅಂಜಿಕಿ ಅಲ್ರಿ ಅವ್ವಾರ. ಹಳೇ ಎಳಿ ಇಲ್ಲದ ಖಾಲಿ ಮಗ್ಗಕ್ಕ ಹೆಂಗ ಕೂಡ್ಲಿ? ನಮ್ಮಜ್ಜನ ಎಳಿಗೆ ನಮ್ಮಪ್ಪ ಕೂಡಿಸಿದ, ಅಪ್ಪನ ಎಳಿಗೆ ನಾ. ಈ ಕೈಮಗ್ಗ ಒಂದ ದಿನಾನೂ ಬರಿದಾಗಿಲ್ರಿ."

ಹಾಸಿನ ಉದ್ದೆಳೆ ಮುಗಿದಾಗ ಗೇಣುದ್ದ ಎಳೆಗಳನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಬೂದಿ ಹಚ್ಚಿ ಅವಕ್ಕೆ ಹೊಸೆಯುವುದನ್ನು ನಾನು ದಿನಾ ಕಂಡಿದ್ದೆ. ಅದು ಕಾಕಾನ ಸತ್ತ ಅಜ್ಜನ ಕೈಯಿಂದ ತುಂಡಾಗದೆ ಬಂದದ್ದೆಂದು ಎಂದೂ ಹೊಳೆದಿರಲಿಲ್ಲ.

ಬೈಯುತ್ತಾಳೆ ಅಂದುಕೊಂಡೆ. ಕಸ್ತೂರೆವ್ವ ಬಗ್ಗಿ ಹಣಿಗೆಯ ಎಳೆಗಳನ್ನು ಮುಟ್ಟಿ ನೋಡಿದಳು.

"ತಪ್ಪು ನಂದ. ಫಿಟರ್ ಕಡಿಂದ ಹಾಸು ಹಾಕಿಸಿ ಆಮ್ಯಾಲ ನಿಮ್ಮನ್ನ ಕರದೆ. ನಿನ್ನ ಮಗ್ಗದಾಗಿನ ಎಳಿ ಕೊಡ್ತೀಯೇನು?"

ಕಾಕಾ ಬಹಳ ಹೊತ್ತು ಮಗ್ಗವನ್ನು ಸವರಿದ. ಆಮೇಲೆ ಹಾಸು ಕತ್ತರಿಸಿ, ಗೇಣುದ್ದ ಕೆಂಪು ಎಳೆಗಳ ಸಮೇತ ಹಣಿಗೆ ಬಿಚ್ಚಿ ಅವಳ ಕೈಗಿಟ್ಟ. ಫಿಟರ್ ಗೊಣಗುತ್ತಲೇ ಅದನ್ನು ಮೊದಲ ಮಷೀನಿಗೆ ಕೂಡಿಸಿದ.

ಕಸ್ತೂರೆವ್ವ ಸೆರಗು ಸಿಗಿಸಿ ನೆಲಕ್ಕೆ ಕುಳಿತಳು. ನಾನು ಬೂದಿಯ ತಾಟು ಹಿಡಿದೆ. ಅವಳು ಹೊಸೆದ ಎಳೆ ಹೊಸೆದಂತೆಯೇ ಬಿಚ್ಚಿಕೊಳ್ಳುತ್ತಿತ್ತು.

"ಎಳಿ ಕೂಡ್ಸಾಕತ್ತೀರೋ, ಮಗಳಿಗೆ ಹೆರಳ ಹಾಕಾಕತ್ತೀರೋ?" ಕಾಕಾನಿಗೆ ತಡೆಯಲಾಗಲಿಲ್ಲ. "ಸರೀರಿ ಅತ್ಲಾಗ!"

ಎಂಟು ದಿನದಲ್ಲಿ ಮೊದಲ ಸಲ ಶೆಡ್ಡು ನಕ್ಕಿತು. ಕಾಕಾ ಕುಳಿತ. ಅವನ ಪಕ್ಕಕ್ಕೆ ನೇಕಾರ ರೇವಪ್ಪ ಬಂದು ಕುಳಿತ, ಅವನ ಹಿಂದೆ ಉಳಿದವರು. ಸಂಜೆಯ ಹೊತ್ತಿಗೆ ಎರಡು ಸಾವಿರ ಎಳೆ ಕೂಡಿದವು.

ಮರುದಿನ ಸೋಮವಾರ. ಕಾಕಾ ಕೈಮುಗಿದು ಹಿಡಿಕೆ ಎಳೆದ. ನೆಲ ನಡುಗಿತು. ಹೊಸೆದ ಜಾಗಗಳೆಲ್ಲ ಒಂದೇ ಸಾಲಾಗಿ ಹಣಿಗೆಯತ್ತ ಸರಿದವು. ಅವು ಹಣಿಗೆ ದಾಟಿದವು; ಒಂದೂ ತುಂಡಾಗಲಿಲ್ಲ. ಕಾಕಾನ ಎಳೆಗಳ ಕೆಂಪು ನನ್ನ ಕಣ್ಣೆದುರೇ ಹೊಸ ಹಾಸಿನ ನೀಲಿಯಾಗಿ ಹರಿಯತೊಡಗಿತು, ಹೊಳೆಯ ನೀರಿನಂತೆ.

ಕಾಕಾ ಬರಿದಾದ ಕೈಮಗ್ಗದ ಕಡೆ ಒಮ್ಮೆ ನೋಡಿದ. ಆಮೇಲೆ ಸಪ್ಪಳ ಮೀರಿಸಿ ನನ್ನತ್ತ ಕೂಗಿದ:

"ಶೇವಂತಿ, ನಿಂತ ಏನ್ ನೋಡ್ತಿ ಬೇ? ಕಂಡಿಕಿ ತಾ. ಈ ಮಗ್ಗ ಭಾಳ ಹಸದೈತಿ!"